ಇಪ್ಪತ್ತೇಳನೆಯ ಪುಸ್ತಕ

"ಮುಖ ನೋಡಿ ಹೇಳಿ. ಇವರೇನಾ?"

ಚಿತಾಗಾರದ ಗುಮಾಸ್ತ ಒಂದು ಕೈಯಲ್ಲಿ ಬಿಳಿ ಬಟ್ಟೆಯನ್ನು ಗದ್ದದವರೆಗೆ ಸರಿಸಿ, ಇನ್ನೊಂದರಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದ. ತಂಗಿ ಶವದ ಪೆಟ್ಟಿಗೆಯ ಮೇಲೆ ಬಗ್ಗಿ ನೋಡಿದಳು. ಅಣ್ಣನ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಅವಳ ನೆನಪಿನಲ್ಲಿದ್ದ ಅಣ್ಣನಿಗೆ ಕಿವಿಯ ಮೇಲೆ ಕಪ್ಪು ಕೂದಲಿತ್ತು, ಮೂಗಿನ ಮೇಲೆ ದಪ್ಪ ಕನ್ನಡಕವಿತ್ತು. ಇಲ್ಲಿ ಮಲಗಿದ್ದವನಿಗೆ ಎರಡೂ ಇರಲಿಲ್ಲ.

"ಇವನೇ ಅನ್ಸತ್ತೆ," ಅಂದಳು.

"ಅನ್ಸತ್ತೆ ಅಂದ್ರೆ ಬರ್ಕೊಳೋಕಾಗಲ್ಲಮ್ಮಾ. ಹೌದು ಅನ್ನಿ, ಇಲ್ಲಾ ಅಲ್ಲ ಅನ್ನಿ. 'ನೋಡಿ ಗುರುತಿಸಿದವರು' ಅಂತ ಇಲ್ಲೊಂದು ಸಹಿ ಬೇಕು."

ಒಡಹುಟ್ಟಿದವನನ್ನು ಗುರುತು ಹಿಡಿಯಲಾಗದ ನಾಚಿಕೆಗೆ ಅವಳ ಕಣ್ಣಲ್ಲಿ ನೀರು ಬಂತು. ದುಃಖದ ಸರದಿ ಇನ್ನೂ ಬಂದಿರಲಿಲ್ಲ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮುದುಕನೊಬ್ಬ ಕೋಲೂರಿಕೊಂಡು ಮುಂದೆ ಬಂದ. ಲೈಬ್ರರಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಬೈಂಡರ್. ಸತ್ತವನಿಗೂ ಅವನಿಗೂ ನಲವತ್ತು ವರ್ಷದ ಗೆಳೆತನ.

"ಕೊಡಪ್ಪಾ ಇಲ್ಲಿ. ದಿನಾ ನೋಡಿದೋನು ನಾನು. ಇವನೇ." ಸಹಿ ಮಾಡಿ ಪೆನ್ನು ವಾಪಸು ಕೊಡುತ್ತ ತಂಗಿಯ ಕಡೆ ತಿರುಗಿದ. "ಬೇಜಾರ್ ಮಾಡ್ಕೋಬೇಡಿ. ನೀವು ಸುಮ್ನೆ ಹೌದು ಅಂದಿದ್ರೆ ಇವನು ಎದ್ದು ಕೂತು ಬೈತಿದ್ದ. ಸರಿಯಾಗಿ ನೋಡ್ದೆ ಯಾಕೆ ಹೇಳ್ದೆ ಅಂತ."

ಅವರ ಸರದಿ ಎರಡೂವರೆಗೆ ಅಂತ ಗುಮಾಸ್ತ ಹೇಳಿದ. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡೂ ಕಾಲು.

ಕಾಯುವ ಕೋಣೆಯಲ್ಲಿ ಇಪ್ಪತ್ತನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು. ಇಬ್ಬರು ಕೂತ ಮೇಲೆ ಇಪ್ಪತ್ತೆರಡು ಖಾಲಿ. ಬುಧವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದಿದ್ದು ನೋಡಿ ಬಾಗಿಲು ಒಡೆಸಿದ್ದ ಕೆಳಗಿನ ಮನೆಯವನು ಒಂದು ಹೂವಿನ ಗೊಂಚಲು ಇಟ್ಟು, ರಜೆ ಸಿಗಲಿಲ್ಲವೆಂದು ಕೆಲಸಕ್ಕೆ ಓಡಿದ್ದ. ಪೇಪರಿನಲ್ಲಿ ಎರಡು ಸಾಲು ಹಾಕಿಸೋಣವೆಂದು ತಂಗಿ ಯೋಚಿಸಿದ್ದಳು. ಏನೆಂದು ಹಾಕಿಸುವುದು ಎಂದು ಗೊತ್ತಾಗದೆ ಬಿಟ್ಟಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಕೌಂಟರಿನ ಹಿಂದೆ ಕೂತು ಮುದುಕನಾದ, ಅಷ್ಟೇ.

"ಇವನಿಗೆ ಸ್ನೇಹಿತ ಅಂತ ಇದ್ದೋನು ನಾನೊಬ್ನೇ," ಅಂದ ಬೈಂಡರ್. "ನಿಜ ಹೇಳ್ಬೇಕಂದ್ರೆ ನಂಗೂ ತಲೆ ಕೆಡ್ತಿತ್ತು ಇವನ ಸಹವಾಸ. ಚಹಾ ಅಂಗಡೀಲಿ ಲೋಟ ತೊಳೆದಿದೀನಿ ಅಂದ್ರೆ, ಎಲ್ಲಿ, ತೊಳೆಯೋದನ್ನ ನಾನು ನೋಡ್ಲಿಲ್ವಲ್ಲ ಅನ್ನೋನು. ಹುಡುಗ್ರು ಇಟ್ಟ ಹೆಸರು ಗೊತ್ತಾ ನಿಮ್ಗೆ? ಕಣ್ಣಾರೆ ಸಾರ್!"

ಹೆಸರು ಸುಮ್ಮನೆ ಬಂದದ್ದಲ್ಲ. ಆ ಕಾಲೇಜಿನಲ್ಲಿ ಯಾವ ವಿದ್ಯಾರ್ಥಿ ಪ್ರಾಜೆಕ್ಟು ಬರೆದರೂ ಕೊನೆಯಲ್ಲಿ ಗ್ರಂಥಸೂಚಿ ಇರಬೇಕು, ಅಂದರೆ ಓದಿದ ಪುಸ್ತಕಗಳ ಪಟ್ಟಿ. ಆ ಪಟ್ಟಿಯ ಕೆಳಗೆ ಲೈಬ್ರರಿಯ ಚಿಕ್ಕ ಸಹಿ ಬೀಳದೆ ಆಫೀಸಿನವರು ಪ್ರಾಜೆಕ್ಟು ಮುಟ್ಟುತ್ತಿರಲಿಲ್ಲ. ಸಹಿ ಹಾಕಬೇಕಾದವನು ಇವನು. ಪಟ್ಟಿಯ ಒಂದೊಂದು ಸಾಲಿನ ಮೇಲೂ ಕೆಂಪು ಪೆನ್ಸಿಲಿನ ತುದಿ ಇಟ್ಟು, "ಇದನ್ನ ಕಣ್ಣಾರೆ ಕಂಡಿದೀಯಾ?" ಅಂತ ಕೇಳುತ್ತಿದ್ದ. ಇಲ್ಲವೆಂದರೆ, "ಹೋಗು, ಕಪಾಟಿಂದ ತಗೊಂಡು ಬಾ. ಕೈಯಲ್ಲಿ ಹಿಡಿ. ಆಮೇಲೆ ಬರಿ." ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಯನ್ನು ಅಕ್ಷರಶಃ ನಂಬಿದ ಮನುಷ್ಯ ಊರಿಗೆ ಒಬ್ಬನಾದರೂ ಇರುತ್ತಾನೆ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಓದುವ ಕೋಣೆಯ ಮೂಲೆಯ ಮೇಜು ಬಿಟ್ಟು ಏಳಲಿಲ್ಲ. ಅವನ ಸಹಿಗೆ ಬೆಲೆಯಿಲ್ಲದ ಮೇಲೂ ಹಳೆಯ ಮೇಷ್ಟ್ರುಗಳು, "ಒಂದ್ಸಲ ಕಣ್ಣಾರೆ ಹತ್ರ ತೋರಿಸ್ಕೊಂಡು ಬಾ," ಅಂತ ಮಕ್ಕಳನ್ನು ಅಟ್ಟುತ್ತಿದ್ದರು.

"ನನ್ನ ಮಗಳ ಪಟ್ಟಿಗೂ ಸಹಿ ಹಾಕ್ಲಿಲ್ಲ," ಅಂದಳು ತಂಗಿ. "ಒಂದೇ ಒಂದು ಸಹಿ. ಸ್ವಂತ ತಂಗಿ ಮಗಳು. ಪುಸ್ತಕ ನೋಡಿಲ್ಲ, ಸುಳ್ಳು ಹೇಳಿದ್ಲು ಅಂತ ಕೂತ್ಬಿಟ್ಟ. ಅವಳಿಗೆ ಒಂದು ವರ್ಷ ಹೋಯ್ತು. ರಕ್ತ ಸಂಬಂಧಕ್ಕಿಂತ ಪುಸ್ತಕ ಹೆಚ್ಚಾಯ್ತೇನೋ ನಿನಗೆ, ಇನ್ಮೇಲೆ ನನ್ನ ಹೊಸಿಲು ತುಳೀಬೇಡ ಅಂದೆ. ತುಳೀಲೇ ಇಲ್ಲ ನೋಡಿ. ಅಷ್ಟೊಂದು ಮಾತು ಕೇಳೋನು ಅಂತ ನಂಗೇನು ಗೊತ್ತಿತ್ತು?"

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಒಬ್ಬ ಹುಡುಗಿ ಒಳಗೆ ಬಂದಳು. ಏದುಸಿರು, ಎದೆಗೆ ಅವಚಿಕೊಂಡ ನೀಲಿ ಫೈಲು.

"ಕಣ್ಣಾರೆ ಸಾರ್... ಕ್ಷಮ್ಸಿ, ಲೈಬ್ರರಿ ಸಾರ್ ಅವರದ್ದು ಇಲ್ಲೇನಾ?"

"ಇಲ್ಲೇ ಕಣಮ್ಮಾ. ಬಾ, ಕೂತ್ಕೋ. ಕುರ್ಚಿಗೇನು ಬರ ಇಲ್ಲ," ಅಂದ ಬೈಂಡರ್.

ಹುಡುಗಿ ಕೂರಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದಳು. ಮೂಗು ಕೆಂಪಾಗಿತ್ತು. "ಇವತ್ತು ಬೆಳಿಗ್ಗೆ ಮನೆಗೆ ಬಾ ಅಂದಿದ್ರು. ಹೋದೆ. ಕೆಳಗಿನ ಮನೆಯವರ ಹೆಂಡತಿ ಹೇಳಿದ್ರು."

"ಏನಾದ್ರೂ ಕೊಡ್ಬೇಕಿತ್ತಾ?" ತಂಗಿ ಕೇಳಿದಳು.

ಹುಡುಗಿ ಫೈಲು ಬಿಚ್ಚಿ ಒಂದು ಹಾಳೆ ತೋರಿಸಿದಳು. ಪಟ್ಟಿಯ ತುಂಬ ಕೆಂಪು ಪೆನ್ಸಿಲಿನ ಸರಿ ಗುರುತುಗಳು. ಇಪ್ಪತ್ತೇಳನೆಯ ಸಾಲಿನಲ್ಲಿ ಮಾತ್ರ ಲೇಖಕರ ಹೆಸರಿನ ಕೆಳಗೆ ಒಂದು ನಡುಗುವ ಗೆರೆ.

"ಈ ಹೆಸರು ತಪ್ಪು ಅಂದ್ರು. ಯಾಕೆ ಸಾರ್ ಅಂದ್ರೆ ಹೇಳ್ಲಿಲ್ಲ. ನಿಮ್ಮ ಗೈಡ್‌ನ ಕೇಳು, ಅವರು ಹೇಳ್ದೇ ಇದ್ರೆ ಶುಕ್ರವಾರ ಬಾ, ಪುಸ್ತಕಾನೇ ಕೈಗೆ ಕೊಡ್ತೀನಿ ಅಂದ್ರು. ಇವತ್ತು ಐದು ಗಂಟೆಗೆ ಪ್ರಾಜೆಕ್ಟು ಕೊಡೋ ಕೊನೇ ಹೊತ್ತು ಅಮ್ಮಾ. ನಾನು ಇದನ್ನ ಇಳಿಸ್ಕೊಂಡಿದ್ದು ನಮ್ಮ ಗೈಡ್ ಮೇಡಂ ಬರೆದ ಪುಸ್ತಕದಿಂದ್ಲೇ. ಮೇಡಂ ಸಹಿ ಇನ್ನೂ ಆಗಿಲ್ಲ. ಗೆರೆ ಬಿದ್ದಿರೋದನ್ನ ಹಾಗೇ ಕೊಟ್ರೆ ಗೊತ್ತಿದ್ದೂ ತಪ್ಪು ಕೊಟ್ಟ ಹಾಗೆ. ತಿದ್ದೋಣ ಅಂದ್ರೆ ಏನಂತ ತಿದ್ಲಿ? ಮೇಡಂ ತಪ್ಪು ಅಂತ ನಾನು ಹೇಳೋಕಾಗತ್ತಾ?"

"ಯಾರು ನಿಮ್ಮ ಮೇಡಂ?" ಅಂದ ಬೈಂಡರ್.

"ವಿಭಾಗದ ಮುಖ್ಯಸ್ಥರು. ಈ ತಿಂಗಳು ರಿಟೈರ್ ಆಗ್ತಾರೆ. ಅವರ ಕೊನೇ ವಿದ್ಯಾರ್ಥಿ ನಾನು. ಇಲ್ಲಿಗೆ ಬರ್ತೀನಿ ಅಂದಿದಾರೆ."

*

ಮೂವತ್ತೆಂಟು ವರ್ಷದ ಹಿಂದೆ ಮೇಡಂ ಇನ್ನೂ ಮೇಡಂ ಆಗಿರಲಿಲ್ಲ. ಇಪ್ಪತ್ತೆರಡರ ವಿದ್ಯಾರ್ಥಿನಿ. ನದಿ ದಂಡೆಯ ಹಳೆಯ ಪೇಟೆಗಳ ಮೇಲೆ ಅವಳ ಪ್ರಾಜೆಕ್ಟು. ಒಂದು ಶನಿವಾರ ಕೌಂಟರಿನ ಮುಂದೆ ಬಂದು ನಿಂತಳು. ಅಳುವುದೊಂದು ಬಾಕಿ.

"ಸಾರ್, ಸೋಮವಾರ ಕೊಡ್ಬೇಕು. ಬರ್ಯೋದೆಲ್ಲ ಆಗಿದೆ. ಯಾವ ಪುಸ್ತಕದಿಂದ ಏನು ತಗೊಂಡೆ ಅಂತ ಗುರುತು ಹಾಕಿದ್ದ ನೋಟ್‌ಬುಕ್ಕು ಬಸ್ಸಲ್ಲಿ ಹೋಯ್ತು. ಪಟ್ಟಿ ಇಲ್ದೆ ತಗೊಳ್ಳಲ್ಲ ಅಂತಾರೆ."

ಅವನಿಗೆ ಆಗ ಇಪ್ಪತ್ತೊಂಬತ್ತು. ಹೆಂಗಸರ ಎದುರು ಮಾತು ಬರುತ್ತಿರಲಿಲ್ಲ, ಕೆಲಸ ಬರುತ್ತಿತ್ತು. "ಇರಿ, ಕಾರ್ಡುಗಳಿಂದ ಮಾಡ್ಕೊಡ್ತೀನಿ," ಅಂದ.

ಕಾರ್ಡು ಅಂದರೆ ಲೈಬ್ರರಿಯ ಪ್ರತಿ ಪುಸ್ತಕಕ್ಕೂ ಒಂದು ಅಂಗೈ ಅಗಲದ ರಟ್ಟು. ಮೇಲರ್ಧದಲ್ಲಿ ಬರೆದವರ ಹೆಸರು, ಕೆಳಗರ್ಧದಲ್ಲಿ ಪುಸ್ತಕದ ಹೆಸರು, ವರ್ಷ. ಉದ್ದ ಡ್ರಾಯರುಗಳಲ್ಲಿ ಸಾವಿರಗಟ್ಟಲೆ. ಆ ಭಾನುವಾರ ಮುಚ್ಚಿದ ಲೈಬ್ರರಿಯ ಬೀಗ ತೆಗೆದು, ಕಿಟಕಿಯ ಬಳಿ ಕೂತು, ಅವಳ ಬರಹ ಓದುತ್ತ, ಕಾರ್ಡು ಹುಡುಕುತ್ತ, ಐವತ್ತೊಂದು ಪುಸ್ತಕಗಳ ಪಟ್ಟಿಯನ್ನು ತನ್ನ ದುಂಡು ಅಕ್ಷರದಲ್ಲಿ ಬರೆದ. ಜೀವನದಲ್ಲಿ ಇನ್ನೊಬ್ಬರಿಗಾಗಿ ಅಷ್ಟು ಖುಷಿಯಿಂದ ಏನನ್ನೂ ಮಾಡಿರಲಿಲ್ಲ. ಹತ್ತು ಹೆಜ್ಜೆ ದೂರದಲ್ಲೇ ಕಪಾಟುಗಳಿದ್ದವು. ಎದ್ದು ಹೋಗಿ ಒಂದು ಪುಸ್ತಕವನ್ನೂ ತೆಗೆದು ನೋಡಲಿಲ್ಲ. ಕಾರ್ಡು ಇದೆಯಲ್ಲ, ಕಾರ್ಡು ಸುಳ್ಳು ಹೇಳುತ್ತದೆಯೇ?

ಹೇಳುತ್ತದೆ. ಹಿಂದಿನ ತಿಂಗಳು ಒಂದು ಡ್ರಾಯರು ಕೈಜಾರಿ ಬಿದ್ದು ಹತ್ತಾರು ಕಾರ್ಡುಗಳು ನಡುಮಧ್ಯಕ್ಕೆ ಮುರಿದಿದ್ದವು. ಬೈಂಡರ್ ಅವುಗಳನ್ನು ಸಾಲಾಗಿ ಹರಡಿಕೊಂಡು ಅಂಟಿಸಿದ್ದ. ಎಲ್ಲವೂ ಒಂದೇ ಮಡಿಕೆಯಲ್ಲಿ ಮುರಿದದ್ದರಿಂದ ಯಾವ ತುಂಡಿಗೆ ಯಾವ ತುಂಡಾದರೂ ಕೂರುತ್ತಿತ್ತು. ಅಂಚಿಗೆ ಅಂಚು ಕೂತರೆ ಬೈಂಡರ್‌ಗೆ ಸಾಕು. ಓದುವುದು ಅವನ ಕಸುಬಲ್ಲ. ಹೀಗೆ ಹಕ್ಕಿಗಳ ಬಗ್ಗೆ ಬರೆದ ದೊಡ್ಡ ಪಂಡಿತರೊಬ್ಬರ ಹೆಸರು 'ನದಿ ದಾಟಿಸುವ ದೋಣಿಗಳ ಲೆಕ್ಕ' ಎಂಬ ಪುಸ್ತಕದ ತಲೆಯ ಮೇಲೆ ಕೂತಿತ್ತು. ಪಟ್ಟಿಯಲ್ಲಿ ಅದು ಇಪ್ಪತ್ತೇಳನೆಯದು.

*

ಒಂದೂವರೆಗೆ ಮೇಡಂ ಬಂದರು. ಬೂದು ಬಣ್ಣದ ಸೀರೆ, ಚಿಕ್ಕದಾಗಿ ಕತ್ತರಿಸಿದ ಬೆಳ್ಳಿಗೂದಲು, ಕೈಯಲ್ಲಿ ಬಿಳಿ ಹೂವು. ಬೈಂಡರ್ ಎದ್ದು ನಿಲ್ಲಲು ಹೊರಟ. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಅಂದರು. ತಂಗಿಯ ಕೈ ಹಿಡಿದು, "ನಮ್ಮ ಕಾಲೇಜಿಗೆ ಅವರು ದೊಡ್ಡ ಆಸ್ತಿ," ಅಂದರು. ನಾಲ್ಕು ಜನರೆದುರು ಹೇಳಬೇಕಾದ ಮಾತು ಅದು. ಇಲ್ಲಿ ನಾಲ್ಕು ಜನವೂ ಇರಲಿಲ್ಲವಾಗಿ ಬೋಳುಗೋಡೆಗೆ ಬಡಿದು ವಾಪಸು ಬಂತು.

ಹುಡುಗಿ ಫೈಲು ಹಿಡಿದು ಮೇಡಂ ಪಕ್ಕದ ಕುರ್ಚಿಗೆ ಬಂದಳು.

"ಮೇಡಂ, ಈ ಹೊತ್ತಲ್ಲಿ ಕೇಳ್ಬಾರ್ದು. ಐದು ಗಂಟೆಗೆ ಕೊಡ್ಬೇಕು. ಇಪ್ಪತ್ತೇಳಕ್ಕೆ ಸಾರ್ ಗೆರೆ ಎಳ್ದಿದಾರೆ. ಹೆಸರು ತಪ್ಪಂತೆ."

ಮೇಡಂ ಕನ್ನಡಕ ಹಾಕಿಕೊಂಡು ಹಾಳೆ ನೋಡಿದರು. ಒಂದೇ ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಅವರೇನಾದ್ರೂ ಹೇಳಿದ್ರಾ?"

"ನಿಮ್ಮನ್ನೇ ಕೇಳು ಅಂದ್ರು."

"ವಯಸ್ಸಾಗಿತ್ತು, ಪಾಪ. ಕಣ್ಣೂ ಕೈಕೊಟ್ಟಿತ್ತು." ಮೇಡಂ ಹಾಳೆ ಮಡಚಿ ಫೈಲಿನೊಳಗಿಟ್ಟರು. "ಹಾಗೇ ಇರ್ಲಿ ಬಿಡು. ಇಲ್ಲಿಂದ ಹೋಗೋವಾಗ ಕಾರಲ್ಲಿ ಸಹಿ ಹಾಕ್ಕೊಡ್ತೀನಿ."

"ಪುಸ್ತಕ ಒಂದ್ಸಲ ನೋಡಿದ್ರೆ..."

"ನಾನು ನೋಡಿದೀನಲ್ಲ," ಅಂದರು ಮೇಡಂ.

ಹುಡುಗಿ ಸುಮ್ಮನಾದಳು. ಎದುರಿನ ಗೋಡೆಯ ಆಚೆ ಪೆಟ್ಟಿಗೆಯಲ್ಲಿ ಮಲಗಿದ್ದವನಂತೂ ಮೂವತ್ತೆಂಟು ವರ್ಷದಿಂದಲೇ ಸುಮ್ಮನಿದ್ದ.

*

ವೈವಾದ ದಿನ ಅವನು ನೀರಿನ ಜಗ್ಗು ಇಡಲು ಒಳಗೆ ಹೋಗಿದ್ದ. ಹೊರಗಿನಿಂದ ಬಂದ ಪರೀಕ್ಷಕರಿಗೆ ಹಕ್ಕಿಗಳ ಹುಚ್ಚು. ಪಟ್ಟಿಯ ಮೇಲೆ ಬೆರಳಿಟ್ಟು ಹುಬ್ಬೇರಿಸಿದರು. "ಅರೆ, ಇವರು ದೋಣಿಗಳ ಮೇಲೂ ಬರೆದಿದಾರಾ? ನಂಗೆ ಗೊತ್ತೇ ಇರ್ಲಿಲ್ಲ. ಹೇಗಿದೆ ಪುಸ್ತಕ?"

ಅವಳು ಒಂದು ಕ್ಷಣವೂ ತಡವರಿಸಲಿಲ್ಲ. "ತುಂಬಾ ಚೆನ್ನಾಗಿದೆ ಸಾರ್. ಅದ್ರಲ್ಲೂ ಮೂರನೇ ಅಧ್ಯಾಯ ನನಗೆ ಬಹಳ ಉಪಯೋಗಕ್ಕೆ ಬಂತು."

ಅವನು ಜಗ್ಗು ಮೇಜಿನ ಮೇಲಿಟ್ಟ. ನೇರ ಕಪಾಟಿಗೆ ಹೋಗಿ ಪುಸ್ತಕ ತೆಗೆದ. ಅರವತ್ತನಾಲ್ಕು ಪುಟದ ತೆಳ್ಳನೆಯ ಪುಸ್ತಕ. ಬರೆದವನು ಪಂಡಿತನಲ್ಲ, ಯಾವುದೋ ದೋಣಿಗಟ್ಟೆಯ ಗುಮಾಸ್ತ. ಇಪ್ಪತ್ತು ವರ್ಷ ದಂಡೆಯಲ್ಲಿ ಕೂತು ದಿನಾ ಹೋದ ದೋಣಿ, ಬಂದ ದೋಣಿ ಎಣಿಸಿ ಬರೆದಿಟ್ಟಿದ್ದ. ಅದರಲ್ಲಿ ಮೂರನೆಯ ಅಧ್ಯಾಯ ಇರಲಿಲ್ಲ. ಅಧ್ಯಾಯಗಳೇ ಇರಲಿಲ್ಲ.

ಸಂಜೆ ಕಾರಿಡಾರಿನಲ್ಲಿ ಅವಳಿಗೆ ಹೇಳಿದ. ಕಾರ್ಡು ಅಂಟಿಸುವಾಗ ಅದಲುಬದಲಾಗಿದೆ, ಅಂಟಿಸಿದವನ ತಪ್ಪಲ್ಲ, ನೋಡದೆ ಬರೆದ ತಪ್ಪು ನನ್ನದು, ಒಂದು ಚೀಟಿ ಬರೆದುಕೊಟ್ಟರೆ ಸರಿಹೋಗುತ್ತದೆ. ಅವಳಿಗೆ ಮೊದಲ ಬಹುಮಾನ ಬಂದ ಸುದ್ದಿ ಅದೇ ಮಧ್ಯಾಹ್ನ ಬಂದಿತ್ತು.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲರೆದುರಿಗೆ ಓದಿದೀನಿ ಅಂತ ಹೇಳ್ಬಿಟ್ಟಿದೀನಿ. ಈಗ ಗೊತ್ತಾದ್ರೆ ನನ್ನ ಗತಿ ಮುಗೀತು. ಯಾರಿಗೂ ಹೇಳ್ಬೇಡಿ."

"ಹೇಳಲ್ಲ," ಅಂದ.

ಹೇಳಲಿಲ್ಲ. ಅವಳಿಗೆ ಕೆಲಸ ಸಿಕ್ಕಿತು. ಪ್ರಾಜೆಕ್ಟು ಪುಸ್ತಕವಾಯಿತು. ಮುನ್ನುಡಿಯಲ್ಲಿ ಹಾಸ್ಟೆಲಿನ ಅಡುಗೆಯವಳನ್ನೂ ನೆನೆದಿದ್ದಳು, ಪಟ್ಟಿ ಬರೆದವನನ್ನು ನೆನೆದಿರಲಿಲ್ಲ. ಅದರಿಂದ ಅವನಿಗೆ ನೋವಾಗಲಿಲ್ಲವೆಂದರೆ ಸುಳ್ಳು. ಅದಕ್ಕಿಂತ ಹೆಚ್ಚು ನೋವಾದದ್ದು ಆ ದೋಣಿಗಟ್ಟೆಯ ಗುಮಾಸ್ತನ ಬಗ್ಗೆ. ಇಪ್ಪತ್ತು ವರ್ಷ ಎಣಿಸಿದವನು ಅವನು, ಹೆಸರು ಇನ್ನೊಬ್ಬನದು.

ಮುಂದೆ ಕುರಿಯ ಹಿಂದೆ ಕುರಿ ಬಿದ್ದ ಹಾಗೆ, ಪೇಟೆಯ ಮೇಲೆ, ನದಿಯ ಮೇಲೆ ಬರೆದವರೆಲ್ಲ ಮೇಡಂ ಪುಸ್ತಕದಿಂದ ಆ ಸಾಲು ಇಳಿಸಿಕೊಂಡು ಬಂದರು. ಅವನು ಕಾರಣ ಹೇಳುವಂತಿಲ್ಲ. ಹೇಳಬಹುದಾಗಿದ್ದದ್ದು ಒಂದೇ ಮಾತು: ಕಣ್ಣಾರೆ ಕಂಡಿದೀಯಾ? ಆ ಒಂದು ಪುಸ್ತಕಕ್ಕೆ ಮಾತ್ರ ಕೇಳಿದರೆ ಗುಟ್ಟು ಬಯಲಾಗುತ್ತದೆಂದು ಎಲ್ಲ ಪುಸ್ತಕಕ್ಕೂ ಕೇಳತೊಡಗಿದ. ಕೇಳುತ್ತ ಕೇಳುತ್ತ ಅದೇ ಅವನ ಹೆಸರಾಯಿತು. ಮೇಡಂನ ಸ್ವಂತ ವಿದ್ಯಾರ್ಥಿಗಳ ಪಟ್ಟಿ ಬಂದಾಗ ಮಾತ್ರ ಆ ಸಾಲನ್ನು ಕಾಣದವನಂತೆ ದಾಟುತ್ತಿದ್ದ. ಹಾಗೆ ದಾಟಿದ ದಿನ ಯಾರ ಜೊತೆಗೂ ಚಹಾಕ್ಕೆ ಹೋಗುತ್ತಿರಲಿಲ್ಲ.

ಹೋದ ವಾರ ಅವಳ ಕೊನೆಯ ವಿದ್ಯಾರ್ಥಿ ಬಂದಾಗ ಮಾತ್ರ ಕೈ ದಾಟಲಿಲ್ಲ.

*

ಎರಡು ಗಂಟೆ ಹತ್ತು ನಿಮಿಷಕ್ಕೆ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿದ. "ಜೊತೆಗೆ ಏನಾದ್ರೂ ಇಡೋದಿದ್ರೆ ಈಗ್ಲೇ ಇಟ್ಬಿಡಿ."

ತಂಗಿ ಕುರ್ಚಿಯ ಕೆಳಗಿನ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದಳು. ಅದರ ಮೇಲೆ ಕಾಗದದಲ್ಲಿ ಸುತ್ತಿದ ತೆಳ್ಳನೆಯ ಪುಸ್ತಕವೊಂದಿತ್ತು. "ಒಗೆದ ಅಂಗಿ ತರೋಣ ಅಂತ ಬೆಳಿಗ್ಗೆ ಇವನ ರೂಮಿಗೆ ಹೋಗಿದ್ದೆ. ತಲೆದಿಂಬಿನ ಪಕ್ಕ ಇವಿದ್ವು. ಅಷ್ಟು ಹತ್ರ ಇಟ್ಕೊಂಡಿದ್ದ ಅಂದ್ಮೇಲೆ ಜೊತೇಲೇ ಹೋಗ್ಲಿ."

"ಕಾಗದ ಆಗ್ಬಹುದು. ತಗಡು ಆಗಲ್ಲ," ಅಂದ ಗುಮಾಸ್ತ.

ಎಲ್ಲರೂ ಒಳಗೆ ಹೋದರು. ತಂಗಿ ಪುಸ್ತಕವನ್ನು ಅಣ್ಣನ ಎದೆಯ ಮೇಲಿಟ್ಟು, ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಒತ್ತೊತ್ತಾಗಿ ಲೈಬ್ರರಿಯ ಕಾರ್ಡುಗಳು. ಒಂದೊಂದರ ಮೇಲೂ ಆ ದೋಣಿಯ ಸಾಲು ಇಳಿಸಿಕೊಂಡು ಬಂದಿದ್ದ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು, ಪ್ರಾಜೆಕ್ಟಿನ ಹೆಸರು, ಕೊನೆಯಲ್ಲಿ 'ತಿದ್ದಿದ್ದು' ಎಂದು ಒಂದು ತಾರೀಕು. ನೂರಕ್ಕೂ ಮೀರಿ ಇದ್ದವು. ಇಡುತ್ತ ಇಡುತ್ತ ಒಂದು ಕಾರ್ಡಿನಲ್ಲಿ ಅವಳ ಕೈ ನಿಂತಿತು.

"ಇದು ನನ್ನ ಮಗಳದ್ದು."

ಅದರ ಮೇಲೆ ಬೇರೆ ಕಾರ್ಡುಗಳಲ್ಲಿ ಇಲ್ಲದ ಎರಡು ಸಾಲು ಹೆಚ್ಚಿಗಿತ್ತು. ತಂಗಿ ಗಟ್ಟಿಯಾಗಿ ಓದಿದಳು. "'ಮೂರನೆಯ ಅಧ್ಯಾಯ ಚೆನ್ನಾಗಿದೆ ಮಾಮ ಅಂದಳು. ಹೆದರಿಬಿಟ್ಟೆ. ತಪ್ಪು ನನ್ನದು, ಶಿಕ್ಷೆ ಮಗುವಿಗಾಯಿತು.'" ಮೇಡಂ ಕಡೆ ತಿರುಗಿದಳು. "ನೀವು ಓದಿದೋರು. ಏನಿದರ ಅರ್ಥ? ಇವನೇನು ತಪ್ಪು ಮಾಡಿದ್ದ?"



"ಅಯ್ಯೋ, ಇಲ್ಲಿ ನೋಡಿ!" ಬೈಂಡರ್ ಡಬ್ಬಿಯ ತಳದಿಂದ ಒಂದು ಹಳೆಯ ಕಾರ್ಡು ಎತ್ತಿ ಬೆಳಕಿಗೆ ಹಿಡಿದಿದ್ದ. ನಡುವೆ ಅಂಟಿನ ಗೆರೆ. "ಇದು ನನ್ನ ಕೈಕೆಲ್ಸ. ಡ್ರಾಯರ್ ಬಿದ್ದಾಗ ಅಂಟಿಸಿದ್ದು. ಎಷ್ಟು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ ನೋಡಿ. ನನ್ನ ನೆನಪಿಗೆ ಅಂತ ಇಟ್ಕೊಂಡಿದಾನೆ, ಕಳ್ಳ. ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ಲ." ಕಾರ್ಡನ್ನು ಮೇಡಂ ಕಡೆ ಚಾಚಿದ. "ಚೆನ್ನಾಗಿದೆ ಅಲ್ವಾ ಮೇಡಂ?"

ಮೇಡಂ ಕಾರ್ಡು ತೆಗೆದುಕೊಂಡರು. ಮೇಲರ್ಧದಲ್ಲಿ ಹಕ್ಕಿಯ ಪಂಡಿತರು, ಕೆಳಗರ್ಧದಲ್ಲಿ ದೋಣಿಗಳು. ಅವರು ಅದನ್ನು ನೋಡಿದರು, ಹಿಗ್ಗಿನಿಂದ ಕಾಯುತ್ತಿದ್ದ ಮುದುಕನನ್ನು ನೋಡಿದರು. ಪೆಟ್ಟಿಗೆಯಲ್ಲಿದ್ದವನು ಹೊಟ್ಟೆಗೆ ಹಾಕಿಕೊಂಡದ್ದು ತಮ್ಮ ಸುಳ್ಳೊಂದನ್ನೇ ಅಲ್ಲ, ಈ ಮುದುಕನ ಕೈತಪ್ಪನ್ನೂ ಅನ್ನುವುದು ಅವರಿಗೆ ಆಗ ಹೊಳೆಯಿತು.

"ಚೆನ್ನಾಗಿ ಅಂಟಿಸಿದೀರಿ," ಅಂದರು. "ತುಂಬಾ ಚೆನ್ನಾಗಿದೆ."

ಡಬ್ಬಿಯಲ್ಲಿ ಇನ್ನು ಒಂದೇ ಕಾರ್ಡು ಉಳಿದಿತ್ತು. ವಿದ್ಯಾರ್ಥಿಗಳ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಅಂಚುಗಳು ಹಳದಿಯಾಗಿದ್ದವು. ಅದರ ಮೇಲೆ ಮೇಡಂನ ಹೆಸರಿತ್ತು, ಮೂವತ್ತೆಂಟು ವರ್ಷ ಹಿಂದಿನ ಪ್ರಾಜೆಕ್ಟಿನ ಹೆಸರಿತ್ತು. 'ತಿದ್ದಿದ್ದು' ಎಂಬುದರ ಮುಂದೆ ಖಾಲಿ.

ಮೇಡಂ ಬ್ಯಾಗಿನಿಂದ ಪೆನ್ನು ತೆಗೆದರು. ಪೆಟ್ಟಿಗೆಯ ಅಂಚಿಗೇ ಕಾರ್ಡು ಒತ್ತಿ ಹಿಡಿದು, ಖಾಲಿ ಜಾಗದ ಮುಂದೆ ಅವತ್ತಿನ ತಾರೀಕು ಬರೆದು ಸಹಿ ಮಾಡಿದರು. ಬಗ್ಗಿ ಅದನ್ನು ಅವನ ಅಂಗಿಯ ಜೇಬಿಗೆ ಸೇರಿಸಲು ಕೈ ನೀಡಿದರು.

"ಮೇಡಂ," ಅಂದಳು ಹುಡುಗಿ. ದನಿ ಸಣ್ಣದಿತ್ತು. "ಅಲ್ಲಿಟ್ರೆ ಸುಟ್ಟುಹೋಗತ್ತೆ. ಯಾರೂ ನೋಡಲ್ಲ."

ಮೇಡಂ ಕೈ ಅಲ್ಲೇ ನಿಂತಿತು. ಒಳಗಿನ ಯಂತ್ರ ಬಿಸಿಯಾಗುತ್ತಿರುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವರು ನೆಟ್ಟಗಾಗಿ, ಕಾರ್ಡನ್ನು ಹುಡುಗಿಯ ಕೈಗೆ ಕೊಟ್ಟರು.

"ನಿನ್ನ ಪಟ್ಟಿಯ ಹಿಂದೆ ಪಿನ್ ಮಾಡು. ಹಾಳೆ ಕೊಡು ಇಲ್ಲಿ."

ಇಪ್ಪತ್ತೇಳನೆಯ ಸಾಲಿನಲ್ಲಿ ಪಂಡಿತರ ಹೆಸರು ಹೊಡೆದುಹಾಕಿದರು. ಪಕ್ಕದ ಖಾಲಿ ಜಾಗದಲ್ಲಿ, ಮಕ್ಕಳು ಬರೆಯುವ ಹಾಗೆ ಬಿಡಿಸಿ ಬಿಡಿಸಿ ಬರೆದರು: 'ಈ ತಪ್ಪು ಮೊದಲು ಬಂದದ್ದು ನನ್ನ ಪುಸ್ತಕದಲ್ಲಿ. ನಾನು ಇದನ್ನು ಓದಿದ್ದೇನೆಂದು ಹೇಳಿದ್ದು ಸುಳ್ಳು.' ಸಹಿ ಮಾಡುವಾಗ ಕಣ್ಣೀರು ಕನ್ನಡಕದ ಒಳಗೇ ಇಳಿಯಿತು. ಒರೆಸಿಕೊಳ್ಳಲಿಲ್ಲ. ತಂಗಿ ಅವರ ಭುಜದ ಮೇಲಿನಿಂದ ಓದಿದಳು, ಕೈಯಲ್ಲಿದ್ದ ಮಗಳ ಕಾರ್ಡನ್ನು ಇನ್ನೊಮ್ಮೆ ಓದಿದಳು.

"ಅದಕ್ಕಾ," ಅಂದಳು. "ಅದಕ್ಕಾ ಅಣ್ಣಾ?" ಹೆಬ್ಬೆರಳಿನಿಂದ ಅವನ ಹಣೆ ಸವರಿದಳು. ಬೆಳಿಗ್ಗೆಯಿಂದ ಬಾರದಿದ್ದ ಅಳು ಈಗ ಬಂತು.

"ಸರಿಯಾದ ಹೆಸರು ಏನಂತ ಬರೀಲಿ ಮೇಡಂ?" ಹುಡುಗಿ ಕೇಳಿದಳು.

"ನಂಗೊತ್ತಿಲ್ಲ." ಮೇಡಂ ಪೆಟ್ಟಿಗೆಯ ಕಡೆ ನೋಡಿದರು. "ನಾನು ಇವತ್ತಿನವರೆಗೂ ಆ ಪುಸ್ತಕ ನೋಡಿಲ್ಲ."

"ಕೈಗೆ ಕೊಡ್ತೀನಿ ಅಂದಿದ್ದು ಇದೇ ಇರ್ಬೇಕು," ಅಂತ ತಂಗಿ ಅಣ್ಣನ ಎದೆಯ ಮೇಲಿಂದ ಪುಸ್ತಕ ಎತ್ತಿ, ಸುತ್ತಿದ್ದ ಕಾಗದ ಬಿಚ್ಚಿ, ಅವರ ಕೈಗಿಟ್ಟಳು. ಲೈಬ್ರರಿಯವರು ಹಳೆಯದೆಂದು ಹೊರಗೆ ಹಾಕಿದ ದಿನ ಅವನು ಮನೆಗೆ ತಂದಿದ್ದ ಪುಸ್ತಕ. ನೂರು ಮಂದಿ ವಿದ್ಯಾರ್ಥಿಗಳ ಬೆರಳು ತಾಗಿ ಅದರ ಮೂಲೆಗಳು ಮೆತ್ತಗಾಗಿದ್ದವು. ಹೊರಗಿನ ರಟ್ಟಿನ ಮೇಲೆ ದೋಣಿಗಟ್ಟೆಯ ಗುಮಾಸ್ತನ ಹೆಸರಿತ್ತು. ಹುಡುಗಿ ಅದನ್ನು ನೋಡಿ ನೋಡಿ ಪಟ್ಟಿಗೆ ಇಳಿಸಿದಳು.

ಮೇಡಂ ಮಾತ್ರ ಪುಸ್ತಕ ಕೆಳಗಿಡಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಮೊದಲ ಪುಟ ತೆರೆದರು.

"ಹೊತ್ತಾಯ್ತು," ಅಂದ ಗುಮಾಸ್ತ ಬಾಗಿಲಿಂದ. "ಎರಡೂವರೆ."

"ಒಂಚೂರು ತಡ್ಕೊಳಪ್ಪಾ," ಅಂದ ಬೈಂಡರ್. "ಅವರು ಓದ್ತಿದಾರೆ."

ಮೇಡಂ ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಪೆಟ್ಟಿಗೆಯಲ್ಲಿದ್ದವನಿಗೆ ಕೇಳಿಸುವಷ್ಟು ಮೆಲ್ಲಗೆ ಓದತೊಡಗಿದ್ದರು. ಸೋಮವಾರ. ಬೆಳಿಗ್ಗೆ ಹೋದ ದೋಣಿ ಏಳು. ಸಂಜೆ ಬಂದ ದೋಣಿ ಆರು.